ಹಿತ್ತಿಲ ಹುಳಿ, ಹಿತ್ತಿಲ ಮಸಾಲೆ: ಫ್ರೀಜರ್‌ನಲ್ಲಿಡುವ ನಿಂಬೆ-ಶುಂಠಿ-ಅರಿಶಿನ ಶಾಟ್ ಮಾಡುವ ಸಮಗ್ರ ಮಾರ್ಗದರ್ಶಿ

ಶಾಟ್ ಎಂದರೆ ಒಂದೆರಡು ಗುಟುಕಿನ ಗಾಢ ಪಾನೀಯ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಯಾವ ಹಿತ್ತಿಲು ನೋಡಿದರೂ ಈ ಶಾಟ್‌ಗೆ ಬೇಕಾದ್ದು ಹೆಚ್ಚುಕಮ್ಮಿ ಎಲ್ಲ ಸಿಗುತ್ತದೆ. ತೊಂದರೆ ಏನೆಂದರೆ, ಒಂದೇ ಕಾಲದಲ್ಲಿ ಸಿಗುವುದಿಲ್ಲ. ಶುಂಠಿ ಬಲಿಯುವುದು ಡಿಸೆಂಬರ್ ಹೊತ್ತಿಗೆ. ಅರಿಶಿನ ಅಗೆಯುವುದು ಜನವರಿ ನಂತರ. ಒಳ್ಳೆಮೆಣಸು (ಕಾಳುಮೆಣಸು) ಅಂಗಳದಲ್ಲಿ ಒಣಗುವುದೂ ಆಚೀಚೆ ಅದೇ ಸಮಯಕ್ಕೆ. ನಿಂಬೆ ಮಾತ್ರ ಮಳೆಗಾಲದಲ್ಲಿ ಜಾಸ್ತಿ, ಅಗ್ಗ. ಏಪ್ರಿಲ್ ಸೆಕೆಗೆ ಅದರ ದರ ಕೇಳುವುದೇ ಬೇಡ. ಸಿಗುವ ಕಾಲದಲ್ಲಿ ರಸ ತೆಗೆದು ಗಟ್ಟಿ ಮಾಡಿ ಇಟ್ಟುಕೊಂಡರೆ ವರ್ಷದ ಹೆಚ್ಚಿನ ದಿನ ಬೆಳಗ್ಗೆ ಒಂದು ಕ್ಯೂಬ್ ತೆಗೆದು ಕುಡಿಯಬಹುದು. ಫ್ರೀಜರ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ.

ಕೆಲಸ ಕಷ್ಟದ್ದಲ್ಲ. ಆದರೆ ಒಂದು ನಿಯಮ ಮೀರಬಾರದು: ಮಸಾಲೆಗೆ ಬೆಂಕಿ ಬೇಕು, ಹುಳಿಗೆ ಬೆಂಕಿ ಬೇಡ. ಅರಿಶಿನ, ಮೆಣಸು, ಚಕ್ಕೆ ಕುದಿದರೆ ಪರಿಮಳ ನೀರಿಗೆ ಇಳಿಯುತ್ತದೆ. ನಿಂಬೆ ರಸ ಕುದಿದರೆ ಅದರ ತಾಜಾ ಪರಿಮಳ ಹಾರಿಹೋಗುತ್ತದೆ, ಸಿ ಜೀವಸತ್ವವೂ ಕಡಿಮೆಯಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿ ತಿರುಗಿಸಿ ಸೋಸುವ ವಿಧಾನ ಬಹಳ ಕಡೆ ಕಾಣುತ್ತದೆ. ಬೇಗ ಆಗುತ್ತದೆ ನಿಜ. ಆದರೆ ನಿಂಬೆಯ ಬೀಜ, ಬಿಳಿ ಸಿಪ್ಪೆ ಅರೆದು ಕಹಿ ಬಿಡುತ್ತವೆ, ಅರಿಶಿನ ಹಸಿ ಹಸಿ ವಾಸನೆ ಹೊಡೆಯುತ್ತದೆ. ಅರ್ಧ ಗಂಟೆ ಜಾಸ್ತಿ ಹೋಗಲಿ, ಬೇರೆ ಬೇರೆ ಮಾಡಿ ಕೊನೆಗೆ ಸೇರಿಸುವುದೇ ಒಳ್ಳೆಯದು.

ಏನೇನು ಬೇಕು

ಈ ಅಳತೆಗೆ ಸುಮಾರು 700 ಮಿ.ಲೀ. ಶಾಟ್ ಆಗುತ್ತದೆ. 25 ಮಿ.ಲೀ. ಹಿಡಿಯುವ ಕ್ಯೂಬ್ ಆದರೆ 28 ಬರುತ್ತದೆ. ನಿಮ್ಮ ಟ್ರೇ ಎಷ್ಟು ಹಿಡಿಯುತ್ತದೆ ಎಂದು ಮೊದಲೇ ನೀರು ಹಾಕಿ ಅಳೆದುಕೊಳ್ಳಿ, ಎಲ್ಲ ಟ್ರೇ ಒಂದೇ ಗಾತ್ರದವಲ್ಲ.

- ನಿಂಬೆ ರಸ 200 ಮಿ.ಲೀ. (ಮಧ್ಯಮ ಗಾತ್ರದ 10ರಿಂದ 12 ಹಣ್ಣು)
- ಕಿತ್ತಳೆ ಅಥವಾ ಮೂಸಂಬಿ ರಸ 200 ಮಿ.ಲೀ. (3ರಿಂದ 4 ಹಣ್ಣು)
- ಶುಂಠಿ 100 ಗ್ರಾಂ
- ಹಸಿ ಅರಿಶಿನ 40 ಗ್ರಾಂ
- ಒಳ್ಳೆಮೆಣಸು 1 ಸಣ್ಣ ಚಮಚ
- ಚಕ್ಕೆ ಬೆರಳುದ್ದದ ಒಂದು ತುಂಡು, ಏಲಕ್ಕಿ 3, ಲವಂಗ 2
- ಕಷಾಯಕ್ಕೆ ನೀರು 250 ಮಿ.ಲೀ., ಶುಂಠಿ ಅರೆಯಲು 50 ಮಿ.ಲೀ.
- ಜೋನಿಬೆಲ್ಲ (ನೀರಾಗಿರುವ ಬೆಲ್ಲ) ಅಥವಾ ಜೇನು 4 ದೊಡ್ಡ ಚಮಚ
- ಕಲ್ಲುಪ್ಪು ಒಂದು ಚಿಟಿಕೆ

ಪಾತ್ರೆ ಸ್ಟೀಲ್‌ನದ್ದೋ ಗಾಜಿನದ್ದೋ ಇರಲಿ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ ಬೇಡ, ಹುಳಿ ಲೋಹವನ್ನು ತಿನ್ನುತ್ತದೆ. ಹಳೆಯ ಫ್ರಿಜ್‌ಗಳ ಜೊತೆ ಬರುತ್ತಿದ್ದ ಅಲ್ಯೂಮಿನಿಯಂ ಐಸ್ ಟ್ರೇಯೂ ಇದಕ್ಕೆ ಆಗದು. ಮುಚ್ಚಳ ಇರುವ ಸಿಲಿಕೋನ್ ಟ್ರೇ ಸಿಕ್ಕಿದರೆ ಬಹಳ ಸುಲಭ, ಹಿಂದಿನಿಂದ ಒತ್ತಿದರೆ ಕ್ಯೂಬ್ ಹೊರಗೆ ಬರುತ್ತದೆ. ಒಂದು ತೆಳು ಹತ್ತಿ ಬಟ್ಟೆ ಇದಕ್ಕೆಂದೇ ಎತ್ತಿಡಿ, ಅದು ಹಳದಿಯಾಗುವುದು ಖಂಡಿತ.

ಹುಳಿ ಆರಿಸುವುದು

ಪೇಟೆಯ ಸಣ್ಣ ನಿಂಬೆಯೇ ಈ ಶಾಟ್‌ನ ಬೆನ್ನೆಲುಬು. ತೆಳು ಸಿಪ್ಪೆಯ, ಹಳದಿ ತಿರುಗಿದ, ಕೈಯಲ್ಲಿ ಹಿಡಿದರೆ ಭಾರ ಅನಿಸುವ ಹಣ್ಣು ಆರಿಸಿ. ಒರಟು ಸಿಪ್ಪೆಯದ್ದರಲ್ಲಿ ರಸ ಕಡಿಮೆ.

ಮನೆಯಲ್ಲಿ ಗಜನಿಂಬೆ ಇದ್ದರೆ ಅರ್ಧಕ್ಕರ್ಧ ಅದನ್ನೇ ಸೇರಿಸಿ. ಹುಳಿ ಸ್ವಲ್ಪ ಸೌಮ್ಯ, ಪರಿಮಳ ಎಷ್ಟೋ ಚೆನ್ನ. ಉಪ್ಪಿನಕಾಯಿಗೆ ಬೇಕಾದಷ್ಟು ತೆಗೆದ ಮೇಲೆ ಉಳಿಯುವ ಕಾಯಿಗಳು ಬುಡದಲ್ಲಿ ಬಿದ್ದು ಹಾಳಾಗುವುದಕ್ಕಿಂತ ಇದಕ್ಕೆ ಬರುವುದು ಮೇಲು. ಕಂಚುಹುಳಿಯೂ ಆಗುತ್ತದೆ, ಆದರೆ ಅದರಲ್ಲಿ ಕಹಿಯ ಎಳೆ ಇದೆ. ಒಟ್ಟು ಹುಳಿಯ ಕಾಲು ಭಾಗಕ್ಕಿಂತ ಜಾಸ್ತಿ ಹಾಕಬೇಡಿ. ಮಾದಳದಲ್ಲಿ ಸಿಪ್ಪೆಯೇ ಜಾಸ್ತಿ, ರಸಕ್ಕೆ ಅದು ದಂಡ.

ಕಿತ್ತಳೆ ಏಕೆ? ಬರೀ ನಿಂಬೆಯಾದರೆ ಹಲ್ಲು ಜುಮ್ಮೆನ್ನುತ್ತದೆ, ಅದನ್ನು ಮುಚ್ಚಲು ಬೆಲ್ಲ ಸುರಿಯಬೇಕಾಗುತ್ತದೆ. ಕಿತ್ತಳೆ ತನ್ನ ಸಿಹಿಯನ್ನೇ ಕೊಟ್ಟು ಆ ಕೆಲಸ ಮಾಡುತ್ತದೆ. ಚಳಿಗಾಲದಲ್ಲಿ ಕೊಡಗಿನ ಕಿತ್ತಳೆ ಸಿಕ್ಕಿದರೆ ಬಿಡಬೇಡಿ, ಗಾತ್ರ ಸಣ್ಣದಾದರೂ ರುಚಿ ಗಟ್ಟಿ. ಉಳಿದ ಕಾಲಕ್ಕೆ ಮೂಸಂಬಿ ಸಾಕು. ಚಕ್ಕೋತ ಹಾಕುವ ಮನಸ್ಸಿದ್ದರೆ ಕೊನೆಯಲ್ಲಿ ಬರೆದ ಔಷಧಿಯ ಮಾತು ಓದಿ ಹಾಕಿ.

ಮಸಾಲೆ ಆರಿಸುವುದು

ಅರಿಶಿನ ಹಸಿ ಗಡ್ಡೆಯೇ ಇರಲಿ. ಪುಡಿ ಹಾಕಿದರೆ ಅಡಿಯಲ್ಲಿ ಕೆಸರಿನ ಹಾಗೆ ಕೂರುತ್ತದೆ. ಪೇಟೆಯ ಪುಡಿಗೆ ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸುವ ಕೆಟ್ಟ ದಂಧೆಯೂ ಇದೆ. ಮನೆಯ ಗಡ್ಡೆಗೆ ಆ ಭಯ ಇಲ್ಲ. ಕೋಝಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ 'ಪ್ರತಿಭಾ' ತಳಿ ನೆಟ್ಟವರಿಗೆ ಬಣ್ಣ ಇನ್ನೂ ಗಾಢ, ಅದರಲ್ಲಿ ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಜಾಸ್ತಿ. ಒಂದು ಎಚ್ಚರ: ಕೆಲವು ಹಿತ್ತಿಲಲ್ಲಿ ಮುಖಕ್ಕೆ ಹಚ್ಚುವ ಕಸ್ತೂರಿ ಅರಿಶಿನವೂ ಪಕ್ಕದಲ್ಲೇ ಇರುತ್ತದೆ. ಮುರಿದು ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ, ಒಳಗೆ ಕಿತ್ತಳೆ ಬಣ್ಣ ಇಲ್ಲದೆ ಪೇಲವ ಇದ್ದರೆ ಅದನ್ನು ಬದಿಗಿಡಿ. ಅದು ತಿನ್ನುವುದಕ್ಕಲ್ಲ.

ಶುಂಠಿ ತೀರಾ ಎಳೆಯದು ಬೇಡ, ತೀರಾ ನಾರಾದದ್ದೂ ಬೇಡ. ಮುರಿದಾಗ ಟಪ್ಪೆಂದು ಮುರಿಯಬೇಕು. ಸ್ವಲ್ಪ ಮಾವಿನ ಶುಂಠಿ ಇದ್ದರೆ 20 ಗ್ರಾಂನಷ್ಟು ಅದನ್ನೂ ಸೇರಿಸಿ, ಮಾವಿನಕಾಯಿಯ ಪರಿಮಳ ಹುಳಿಯ ಜೊತೆ ಬಹಳ ಹೊಂದುತ್ತದೆ.

ಒಳ್ಳೆಮೆಣಸು ಪಣಿಯೂರು ಬಳ್ಳಿಯದ್ದಾಗಲಿ, ಕರಿಮುಂಡವಾಗಲಿ, ಆಗಷ್ಟೇ ಕುಟ್ಟಿದ್ದಿರಬೇಕು. ಡಬ್ಬದ ಪುಡಿಯಲ್ಲಿ ಖಾರ ಉಳಿದಿರುತ್ತದೆ, ಪರಿಮಳ ಇರುವುದಿಲ್ಲ.

ಹೆಜ್ಜೆ 1: ತೊಳೆಯುವುದು

ಫ್ರೀಜರ್ ಕ್ರಿಮಿಗಳನ್ನು ಮಲಗಿಸುತ್ತದೆ, ಎಲ್ಲವನ್ನೂ ಕೊಲ್ಲುವುದಿಲ್ಲ. ಕರಗಿದಾಗ ಅವು ಮತ್ತೆ ಏಳುತ್ತವೆ. ಹಣ್ಣಿನ ರಸವನ್ನು ನಾವು ಕುದಿಸುವುದೂ ಇಲ್ಲ. ಆದ್ದರಿಂದ ಇಲ್ಲಿ ಉದಾಸೀನ ಮಾಡಬೇಡಿ. ಹಣ್ಣನ್ನು ಕೊಯ್ಯುವ ಮೊದಲು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು ಒರೆಸಿ. ಶುಂಠಿ, ಅರಿಶಿನದ ಸಂದಿಯ ಮಣ್ಣನ್ನು ಹಳೆಯ, ಸ್ವಚ್ಛ ಬ್ರಷ್‌ನಲ್ಲಿ ತಿಕ್ಕಿ. ಟ್ರೇ, ಬಟ್ಟೆ, ಚಮಚಕ್ಕೆ ಬಿಸಿನೀರು ಹಾಕಿ. ಬಾವಿಯ ನೀರಾಗಲಿ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರಾಗಲಿ, ಒಳಗೆ ಹೋಗುವ ಪ್ರತಿ ಹನಿಯೂ ಕುದಿದದ್ದೇ ಇರಬೇಕು. ಮಳೆಗಾಲದಲ್ಲಿ ಬಾವಿ ಉಕ್ಕುವ ದಿನಗಳಲ್ಲಂತೂ ಇದು ಮುಖ್ಯ. ಶುಂಠಿ ಅರೆಯಲು ಹಾಕುವ 50 ಮಿ.ಲೀ. ಕೂಡ ಕುದಿಸಿ ಆರಿಸಿದ ನೀರೇ.

ಹೆಜ್ಜೆ 2: ಅರಿಶಿನದ ಕಷಾಯ

ಅಂಗೈಗೆ, ಬೆರಳಿಗೆ ನಾಲ್ಕು ಹನಿ ತೆಂಗಿನೆಣ್ಣೆ ಸವರಿಕೊಳ್ಳಿ. ಅರಿಶಿನದ ಬಣ್ಣ ಚರ್ಮಕ್ಕೆ ಅಷ್ಟಾಗಿ ಹಿಡಿಯುವುದಿಲ್ಲ. ಗಡ್ಡೆಯನ್ನು ತೆಳುವಾಗಿ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ. ಮೆಣಸು, ಏಲಕ್ಕಿ, ಲವಂಗವನ್ನು ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ. ಚಕ್ಕೆ ಮುರಿದರೆ ಸಾಕು.

250 ಮಿ.ಲೀ. ನೀರು ಕುದಿಯಲು ಬಂದಾಗ ಇವನ್ನೆಲ್ಲ ಹಾಕಿ ಉರಿ ಸಣ್ಣ ಮಾಡಿ. ಮುಚ್ಚಳ ಅರ್ಧ ಮುಚ್ಚಿ 10 ನಿಮಿಷ ಕುದಿಸಿ. 150 ಮಿ.ಲೀ.ಗೆ ಇಳಿಯಬೇಕು. ಹೆಚ್ಚು ಹೊತ್ತು ಕುದಿಸಿದರೆ ಇನ್ನೂ ಒಳ್ಳೆಯದು ಅಂತ ಅನಿಸಬಹುದು, ಹಾಗಿಲ್ಲ. ಬಹಳ ಕುದಿದರೆ ಕರ್ಕ್ಯುಮಿನ್ ಕಡಿಮೆಯಾಗುತ್ತದೆ, ಚಕ್ಕೆ ಲವಂಗ ಒಗರು ಬಿಡುತ್ತವೆ. ಕುಕ್ಕರ್ ಬೇಡವೇ ಬೇಡ.

ಒಲೆ ಆರಿಸಿ, ಹಾಗೇ ಮುಚ್ಚಿಟ್ಟು ತಣಿಯಲು ಬಿಡಿ. ಪೂರ್ತಿ ತಣಿದ ಮೇಲೆ ಸೋಸಿ. ಬಟ್ಟೆಯಲ್ಲಿ ಉಳಿದ ಚರಟವನ್ನು ಹಿಂಡಿ, ಅದರಲ್ಲಿ ಒಳ್ಳೆಯ ಸಾರ ಇದೆ.

ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಯ ದಿನ ಹಾಳೆ ಮರದ ಕೆತ್ತೆಯ (ತೊಗಟೆಯ) ಕಷಾಯಕ್ಕೂ ನಮ್ಮಲ್ಲಿ ಒಳ್ಳೆಮೆಣಸು ಸೇರಿಸುತ್ತಾರೆ, ಅಲ್ವಾ? ಅರಿಶಿನದ ಜೊತೆ ಮೆಣಸು ಸೇರಿಸುವುದಕ್ಕೆ ಪ್ರಯೋಗದ ಆಧಾರವೇ ಇದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ರಕ್ತಕ್ಕೆ ಸೇರಿದ ಕರ್ಕ್ಯುಮಿನ್ ಸುಮಾರು 20 ಪಟ್ಟು ಜಾಸ್ತಿಯಾಯಿತು. ಕರ್ಕ್ಯುಮಿನ್ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಅದಕ್ಕಾಗಿ ಶಾಟ್‌ಗೆ ಎಣ್ಣೆ ಸುರಿಯುವುದು ಬೇಡ, ಮೇಲೆ ತೇಲುತ್ತದೆ ಅಷ್ಟೇ. ತೆಂಗಿನ ಹಾಲು ಹಾಕಿದರೆ ಹುಳಿಗೆ ಒಡೆಯುತ್ತದೆ. ನೀರುದೋಸೆ, ಕಾಯಿಚಟ್ನಿ ತಿನ್ನುವ ಹೊತ್ತಿಗೇ ಶಾಟ್ ಕುಡಿಯಿರಿ, ತೆಂಗಿನಕಾಯಿಯ ಎಣ್ಣೆಯೇ ಸಾಕು.

ಹೆಜ್ಜೆ 3: ಶುಂಠಿಯ ರಸ

ಚಮಚದ ಅಂಚಿನಿಂದ ಶುಂಠಿಯ ಸಿಪ್ಪೆ ಕೆರೆಯಿರಿ. ತುಂಡು ಮಾಡಿ, 50 ಮಿ.ಲೀ. ನೀರು ಹಾಕಿ ನುಣ್ಣಗೆ ಅರೆದು ಬಟ್ಟೆಯಲ್ಲಿ ಹಿಂಡಿ. ಈ ರಸವನ್ನು ಗಾಜಿನ ಲೋಟದಲ್ಲಿ 15 ನಿಮಿಷ ಅಲ್ಲಾಡಿಸದೆ ಇಡಿ. ಅಡಿಯಲ್ಲಿ ಬಿಳಿ ಹಿಟ್ಟಿನ ಹಾಗೆ ಒಂದು ಪದರ ಕೂರುತ್ತದೆ. ಅದು ಶುಂಠಿಯ ಪಿಷ್ಟ. ಮೇಲಿನ ತಿಳಿಯನ್ನು ಮೆಲ್ಲಗೆ ಬಗ್ಗಿಸಿ, ಅಡಿಯದ್ದನ್ನು ಬಿಡಿ. ಪಿಷ್ಟ ಇದ್ದರೆ ಬಿಸಿನೀರಿಗೆ ಹಾಕಿದಾಗ ಶಾಟ್ ಗಂಜಿಯಂತೆ ಮಂದವಾಗುತ್ತದೆ, ಗಂಟಲಿಗೆ ಹಿತವಲ್ಲ. ಬಹಳ ಜನ ಈ 15 ನಿಮಿಷ ಕಾಯುವುದಿಲ್ಲ. ದಯವಿಟ್ಟು ಕಾಯಿರಿ.

ಶುಂಠಿಯನ್ನು ಏಕೆ ಕುದಿಸಲಿಲ್ಲ ಎಂದು ಕೇಳಬಹುದು. ಹಸಿ ಶುಂಠಿಯ ಚುರುಕು ಬೇರೆ, ಕುದಿದ ಶುಂಠಿಯ ಖಾರ ಬೇರೆ. ಬಿಸಿಗೆ ಸಿಕ್ಕಿದರೆ ಅದರ ಖಾರದ ಅಂಶವಾದ ಜಿಂಜರಾಲ್ ಸ್ವಲ್ಪ ಸ್ವಲ್ಪವೇ ಇನ್ನೂ ಖಾರದ ಶೋಗಾಲ್ ಆಗುತ್ತದೆ. ಒಣಶುಂಠಿಗೆ ಜಾಸ್ತಿ ಖಾರ ಬರುವುದೂ ಇದರಿಂದಲೇ. ನಿಂಬೆಯ ಜೊತೆ ನನಗೆ ಹಸಿಯೇ ಇಷ್ಟ. ಮಳೆಗಾಲದ ಶೀತಕ್ಕೆ ಗಂಟಲು ಬಿಸಿಯಾಗಬೇಕು ಅನ್ನುವವರು ಅರ್ಧ ಶುಂಠಿಯನ್ನು ಕಷಾಯದಲ್ಲೇ ಕುದಿಸಿಕೊಳ್ಳಲಿ.

ಹೆಜ್ಜೆ 4: ಹಣ್ಣಿನ ರಸ

ಇದು ಕೊನೆಗೆ ಮಾಡುವ ಕೆಲಸ. ಹಿಂಡಿದ ರಸ ಹೊರಗೆ ಕೂತಷ್ಟೂ ಪರಿಮಳ ಕಡಿಮೆ. ಕಷಾಯ ತಣಿದು ಸಿದ್ಧವಾದ ಮೇಲಷ್ಟೇ ನಿಂಬೆ ಕೊಯ್ಯಿರಿ.

ಮೊದಲು ಎರಡು ನಿಂಬೆಯ ಹೊರಗಿನ ಹಳದಿ ಸಿಪ್ಪೆಯನ್ನು ಮಾತ್ರ ಸಣ್ಣ ತುರಿಮಣೆಯಲ್ಲಿ ಹಗುರವಾಗಿ ತುರಿದುಕೊಳ್ಳಿ. ಬಿಳಿ ಕಾಣುವಷ್ಟು ತುರಿಯಬಾರದು. ನಿಂಬೆಯ ಪರಿಮಳದ ಎಣ್ಣೆ ಇರುವುದು ಆ ಹೊರ ಪದರದಲ್ಲೇ. ಆಮೇಲೆ ಹಣ್ಣನ್ನು ಮಣೆಯ ಮೇಲೆ ಅಂಗೈಯಿಂದ ಒತ್ತಿ ಉರುಳಿಸಿ, ಅಡ್ಡ ಕೊಯ್ದು ಹಿಂಡಿ. ಕೊನೆಯ ಹನಿಗಾಗಿ ಸಿಪ್ಪೆ ನಜ್ಜುಗುಜ್ಜಾಗುವಷ್ಟು ಹಿಂಡಬೇಡಿ, ಕಹಿ ಇಳಿಯುತ್ತದೆ. ಕಿತ್ತಳೆಯಾದರೆ ಸುಲಿದು, ಬೀಜ ತೆಗೆದು, ತೊಳೆಗಳನ್ನು ಬಟ್ಟೆಯಲ್ಲಿ ಹಾಕಿ ಕೈಯಲ್ಲೇ ಹಿಂಡಿ. ಬೀಜ ಒಂದೂ ಉಳಿಯಬಾರದು. ಕಿತ್ತಳೆ ರಸ ಇಟ್ಟಷ್ಟು ಹೊತ್ತು ಕಹಿಯಾಗುವ ಗುಣದ್ದು, ಹಿಂಡಿದ ತಕ್ಷಣ ಮುಂದಿನ ಹೆಜ್ಜೆಗೆ ಹೋಗಿ.

ಹೆಜ್ಜೆ 5: ಸೇರಿಸಿ ರುಚಿ ನೋಡುವುದು

ತಣಿದ ಕಷಾಯಕ್ಕೆ ಜೋನಿಬೆಲ್ಲ, ಉಪ್ಪು ಹಾಕಿ ಕದಡಿ. ಪೇಟೆಯ ಜೋನಿಬೆಲ್ಲದಲ್ಲಿ ಕಸ ಇದ್ದರೆ ಮೊದಲೇ ಸ್ವಲ್ಪ ಬಿಸಿ ಮಾಡಿ ಸೋಸಿಕೊಳ್ಳಿ. ನಂತರ ಶುಂಠಿಯ ತಿಳಿ, ಹಣ್ಣಿನ ರಸ, ಕೊನೆಗೆ ನಿಂಬೆ ಸಿಪ್ಪೆಯ ತುರಿ. ಪಾತ್ರೆಗೆ ಕೈ ಇಟ್ಟರೆ ಬೆಚ್ಚಗೆ ಅನಿಸಿದರೂ ರಸ ಹಾಕಬೇಡಿ, ಇನ್ನೂ ತಣಿಯಲಿ.

ಒಂದು ಚಮಚ ಶಾಟ್‌ಗೆ ನಾಲ್ಕು ಚಮಚ ನೀರು ಬೆರೆಸಿ ರುಚಿ ನೋಡಿ. ನೀವು ಕುಡಿಯುವುದು ಹಾಗೆಯೇ. ಸುಮ್ನೆ ಹಾಗೇ ನೆಕ್ಕಿ ನೋಡಿದರೆ ಖಾರ ಜಾಸ್ತಿಯಾಯಿತು ಅನಿಸಿ ಬೆಲ್ಲ ಹೆಚ್ಚು ಬೀಳುತ್ತದೆ. ಸಿಹಿ ತೀರಾ ಜಾಸ್ತಿಯಾದರೆ ಇನ್ನೊಂದು ತೊಂದರೆ: ಸಕ್ಕರೆಯ ಅಂಶ ನೀರು ಗಟ್ಟಿಯಾಗುವುದನ್ನು ತಡೆಯುತ್ತದೆ. ಕ್ಯೂಬ್ ಮೆತ್ತಗೆ, ಅಂಟು ಅಂಟಾಗಿ ಉಳಿಯುತ್ತದೆ.

ಹೆಜ್ಜೆ 6: ಗಟ್ಟಿ ಮಾಡುವುದು

ಟ್ರೇಗೆ ಹಾಕುವಾಗ ಪ್ರತಿ ಸಲ ಕದಡಿಕೊಂಡು ಹಾಕಿ. ಇಲ್ಲವಾದರೆ ಮೊದಲ ಕ್ಯೂಬ್ ತೆಳು, ಕೊನೆಯದು ಗಾಢವಾಗುತ್ತದೆ. ಅಂಚಿನವರೆಗೆ ತುಂಬಬೇಡಿ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಅಷ್ಟು ಜಾಗ ಬಿಡಿ.

ಮುಚ್ಚಳ ಇಲ್ಲದ ಟ್ರೇ ಆದರೆ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ. ಮೀನು ಇಡುವ ಮನೆಯ ಫ್ರೀಜರ್ ಆದರಂತೂ ಇದನ್ನು ಮರೆಯಬಾರದು, ವಾಸನೆ ಬೇಗ ಹಿಡಿಯುತ್ತದೆ. ಫ್ರೀಜರ್ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ರಾತ್ರಿ ಇಟ್ಟರೆ ಬೆಳಗ್ಗೆ ಗಟ್ಟಿಯಾಗಿರುತ್ತದೆ.

ಗಟ್ಟಿಯಾದ ಮೇಲೆ ಟ್ರೇಯಲ್ಲೇ ಬಿಡಬೇಡಿ. ಕ್ಯೂಬ್‌ಗಳನ್ನು ಜಿಪ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ತಾರೀಕು ಬರೆದಿಡಿ. 3 ತಿಂಗಳೊಳಗೆ ಮುಗಿಸಿದರೆ ರುಚಿ ಚೆನ್ನಾಗಿರುತ್ತದೆ. ಆಮೇಲೆ ಹಾಳಾಗುತ್ತದೆ ಎಂದಲ್ಲ, ಪರಿಮಳ ಕುಂದುತ್ತದೆ.

ಕರೆಂಟು ಹೋದರೆ

ಮಳೆಗಾಲದಲ್ಲಿ ಮರ ಬಿದ್ದು ಲೈನು ತುಂಡಾದರೆ ಇಡೀ ದಿನ ಕರೆಂಟು ಇಲ್ಲದಿರುವುದು ನಮ್ಮ ಕಡೆ ಹೊಸದಲ್ಲ. ಬಾಗಿಲು ತೆರೆಯದೆ ಇದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಣ್ಣಗಿರುತ್ತದೆ. ಖಾಲಿ ಜಾಗ ಇದ್ದರೆ ನೀರಿನ ಬಾಟಲಿ ಇಟ್ಟು ತುಂಬಿಸಿ.

ಊರಿಗೆ ಹೋಗುವಾಗ ಒಂದು ಲೋಟ ನೀರನ್ನು ಗಟ್ಟಿ ಮಾಡಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರ್‌ನಲ್ಲಿ ಬಿಟ್ಟು ಹೋಗಿ. ಬಂದು ನೋಡಿದಾಗ ನಾಣ್ಯ ಮೇಲೆಯೇ ಇದ್ದರೆ ಎಲ್ಲ ಸರಿ. ಒಳಗೆ ಮುಳುಗಿ ಹೆಪ್ಪುಗಟ್ಟಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಅಂಥ ಕ್ಯೂಬ್ ಕುಡಿಯಬೇಡಿ. ನೀವೇ ಕರಗಿಸಿದ್ದನ್ನೂ ಮತ್ತೆ ಫ್ರೀಜರ್‌ಗೆ ಇಡಬೇಡಿ.

ಕಾಲಕ್ಕೆ ತಕ್ಕ ಎರಡು ಟ್ರೇ

ಎಲ್ಲ ಸಾಮಾನು ಒಟ್ಟಿಗೆ ಸಿಗದಿದ್ದರೆ ಕಾಯಬೇಕಾಗಿಲ್ಲ. ಜನವರಿಯಲ್ಲಿ ಅರಿಶಿನ-ಮೆಣಸಿನ ಕಷಾಯ ಮತ್ತು ಶುಂಠಿಯ ತಿಳಿಯನ್ನು ಸೇರಿಸಿ ಒಂದು ಟ್ರೇ ಮಾಡಿ. ಜುಲೈಯಲ್ಲಿ ನಿಂಬೆ ಅಗ್ಗವಾದಾಗ ಬರೀ ನಿಂಬೆ ರಸದ ಇನ್ನೊಂದು ಟ್ರೇ. ಕುಡಿಯುವಾಗ ಎರಡರಿಂದಲೂ ಒಂದೊಂದು ತೆಗೆದು, ಸಿಹಿಯನ್ನು ಆಗಲೇ ಸೇರಿಸಿ. ನಿಜ ಹೇಳಬೇಕೆಂದರೆ ನನಗೆ ಈ ದಾರಿಯೇ ಹೆಚ್ಚು ಮೆಚ್ಚುಗೆ. ಬರೀ ನಿಂಬೆಯ ಕ್ಯೂಬ್ ಚಿತ್ರಾನ್ನಕ್ಕೂ ಆಗುತ್ತದೆ, ಒಲೆಯಿಂದ ಇಳಿಸಿದ ಸಾರಿಗೂ ಆಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲವಿಲ್ಲದೆ ಕೊಡಲೂ ಸುಲಭ.

ಖಾರ ಬೇಕಾದವರು ಎರಡು ಗಾಂಧಾರಿ ಮೆಣಸು ಸೀಳಿ ಕಷಾಯಕ್ಕೆ ಹಾಕಿ. ನೆಲ್ಲಿಕಾಯಿ ಸಿಗುವಾಗ ನಿಂಬೆಯ ಅರ್ಧ ಭಾಗಕ್ಕೆ ಅದರ ರಸ ಬಳಸಿ. ಸೆಕೆಗಾಲಕ್ಕೆ ಚಕ್ಕೆ ಲವಂಗ ಬಿಟ್ಟು, ಹುರಿದ ಜೀರಿಗೆ ಹಾಕಿ.

ಕುಡಿಯುವುದು ಹೇಗೆ

ಒಂದು ಕ್ಯೂಬ್‌ಗೆ 100 ಮಿ.ಲೀ. ಉಗುರು ಬೆಚ್ಚಗಿನ ನೀರು. ಕುದಿಯುವ ನೀರು ಬೇಡ, ಇಷ್ಟು ಹೊತ್ತು ಜೋಪಾನ ಮಾಡಿದ್ದು ವ್ಯರ್ಥವಾಗುತ್ತದೆ. ಮಧ್ಯಾಹ್ನ ಸೆಕೆಗೆ ಎಳನೀರಿನಲ್ಲಿ ಕ್ಯೂಬ್ ಬಿಟ್ಟು ಕುಡಿದು ನೋಡಿ, ಬೆಲ್ಲವೂ ಬೇಕಾಗುವುದಿಲ್ಲ. ನೀರಿಲ್ಲದೆ ಶಾಟ್ ಆಗಿಯೇ ಬೇಕಾದರೆ ರಾತ್ರಿ ಒಂದು ಕ್ಯೂಬನ್ನು ಸಣ್ಣ ಲೋಟದಲ್ಲಿ ಮುಚ್ಚಿ, ಫ್ರೀಜರ್ ಅಲ್ಲದೆ ಫ್ರಿಜ್‌ನ ಒಳಗೆ ಕೆಳಭಾಗದಲ್ಲಿ ಇಟ್ಟರೆ ಬೆಳಗ್ಗೆ ಕರಗಿರುತ್ತದೆ.

ಕುಡಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ. ಹುಳಿಗೆ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ, ಅರ್ಧ ಗಂಟೆ ಹಲ್ಲುಜ್ಜಬೇಡಿ.

ಇದರಿಂದ ಏನು ಸಿಗುತ್ತದೆ, ಯಾರಿಗೆ ಬೇಡ

ಲೆಕ್ಕ ಹಾಕಿಯೇ ಹೇಳುತ್ತೇನೆ. ಒಂದು ಕ್ಯೂಬ್‌ನಲ್ಲಿ ಸುಮಾರು 7 ಮಿ.ಲೀ. ನಿಂಬೆ ರಸ, ಅಷ್ಟೇ ಕಿತ್ತಳೆ ರಸ. ಸಿ ಜೀವಸತ್ವ 5-6 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 65ರಿಂದ 80 ಮಿಲಿಗ್ರಾಂ. ಹಿತ್ತಿಲ ಒಂದು ಪೇರಳೆಯಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಇದೆ. ಕರ್ಕ್ಯುಮಿನ್ ಎಲ್ಲವೂ ನೀರಿಗೆ ಇಳಿದರೂ ಕ್ಯೂಬ್‌ಗೆ 10 ಮಿಲಿಗ್ರಾಂ ಆಸುಪಾಸು, ಬೆಂಗಳೂರಿನ ಪ್ರಯೋಗದಲ್ಲಿ ಕೊಟ್ಟದ್ದು 2,000 ಮಿಲಿಗ್ರಾಂ. ಹಾಗಾಗಿ ಇದು ಔಷಧಿ ಅಲ್ಲ, ಶೀತ ಬರದಂತೆ ತಡೆಯುವ ಮದ್ದೂ ಅಲ್ಲ. ಬೆಳಗ್ಗೆ ನಾಲಿಗೆ ಎಬ್ಬಿಸುವ, ಗಂಟಲಿಗೆ ಹಿತವಾದ, ಸಕ್ಕರೆ ತುಂಬಿದ ಪೇಟೆಯ ಪಾನೀಯದ ಜಾಗಕ್ಕೆ ಬರುವ ಒಳ್ಳೆಯ ಕುಡಿಯುವ ವಸ್ತು. ಜ್ವರ, ಕೆಮ್ಮು ಬಿಡದಿದ್ದರೆ ವೈದ್ಯರ ಹತ್ತಿರ ಹೋಗಿ.

ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದ ಕಲ್ಲು ಅಥವಾ ಮೂತ್ರಪಿಂಡದ ಕಲ್ಲು ಇರುವವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು, ಗರ್ಭಿಣಿಯರು ದಿನಾ ಕುಡಿಯುವ ಮೊದಲು ವೈದ್ಯರನ್ನು ಕೇಳಿ. ಹೊಟ್ಟೆ ಉರಿ ಇರುವವರಿಗೆ ಖಾಲಿ ಹೊಟ್ಟೆಯಲ್ಲಿ ಬೇಡವೇ ಬೇಡ. ಕೊಲೆಸ್ಟರಾಲ್, ಬಿಪಿಯ ಕೆಲವು ಮಾತ್ರೆಗಳಿಗೆ ಚಕ್ಕೋತ ಹೊಂದುವುದಿಲ್ಲ, ಅಂಥ ಮಾತ್ರೆ ನುಂಗುವವರಿದ್ದರೆ ಅದನ್ನು ಸೇರಿಸಬೇಡಿ. ಜೇನು ಹಾಕಿದ ಶಾಟ್ 1 ವರ್ಷದೊಳಗಿನ ಮಗುವಿಗೆ ಒಂದು ಹನಿಯೂ ಕೊಡಬಾರದು.

ಕಲೆ ತೆಗೆಯುವುದು

ಟ್ರೇ, ಮಣೆ, ಮಿಕ್ಸಿ ಜಾರಿನ ಮುಚ್ಚಳ ಹಳದಿಯಾಗುತ್ತವೆ. ಬಟ್ಟೆಗೆ ಬಿದ್ದ ಅರಿಶಿನ ಸೋಪು ತಾಗಿದರೆ ಕೆಂಪಾಗುತ್ತದೆ, ಗಾಬರಿ ಬೇಡ, ಸೋಪಿನ ಕ್ಷಾರಕ್ಕೆ ಹಾಗಾಗುವುದು. ಚೆನ್ನಾಗಿ ತೊಳೆದು, ಒದ್ದೆ ಇರುವಾಗಲೇ ಅಂಗಳದ ಬಿಸಿಲಿಗೆ ಇಡಿ. ಕರ್ಕ್ಯುಮಿನ್ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಒಂದೆರಡು ದಿನದ ಒಳ್ಳೆಯ ಬಿಸಿಲಿಗೆ ಬಹುಪಾಲು ಮಾಸಿಹೋಗುತ್ತದೆ. ಮಳೆಗಾಲದಲ್ಲಿ ಬಿಸಿಲು ಬರುವವರೆಗೆ ಆ ಟ್ರೇಯನ್ನು ಇದೇ ಕೆಲಸಕ್ಕೆ ಮೀಸಲಿಡಿ.